ಈ ಕೆಲಸಕ್ಕೆ ಪಾಳಿ ಇಲ್ಲ

ಸಂಜೆ ಆರರ ಸುಮಾರಿಗೆ ತೇರದಾಳದ ನಮ್ಮ ದೊಡ್ಡಪ್ಪ ಎದ್ದು ನಿಲ್ಲುತ್ತಾರೆ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಹೊಸ್ತಿಲ ಕಡೆ ಮುಖ ಮಾಡಿ ಸೊಸೆಗೆ ಹೇಳುತ್ತಾರೆ: “ಯವ್ವಾ, ಹೊತ್ತಾತು. ಮನಿಗೆ ಹೋಗೂಣು ನಡಿ.”

ಅವರು ನಿಂತಿರುವುದು ಅವರದೇ ಮನೆಯಲ್ಲಿ. ಮಗ್ಗದ ದುಡಿಮೆಯಲ್ಲಿ ಒಂದೊಂದೇ ಗೋಡೆ ಎಬ್ಬಿಸಿ ಅವರೇ ಕಟ್ಟಿಸಿದ ಮನೆ. ಆದರೆ ಸಂಜೆಯಾದರೆ ಅದು ಯಾರದೋ ಮನೆಯಾಗುತ್ತದೆ. ಅವರ ಮನೆ ಇನ್ನೆಲ್ಲೋ ಇದೆ, ಅಲ್ಲಿ ಯಾರೋ ದಾರಿ ಕಾಯುತ್ತಿದ್ದಾರೆ.

ನಮ್ಮ ಕಡೆ ಹೆಣ್ಣುಮಕ್ಕಳನ್ನೆಲ್ಲ ‘ಯವ್ವಾ’ ಎಂದೇ ಮಾತಾಡಿಸುವುದು. ಮಗಳು, ಸೊಸೆ, ಮೊಮ್ಮಗಳು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರೂ ಯವ್ವನೇ. ಹಾಗಾಗಿ ದೊಡ್ಡಪ್ಪ ಸೊಸೆಯನ್ನು, ಅಂದರೆ ನನ್ನ ವೈನಿಯನ್ನು, ಹಾಗೆ ಕರೆದಾಗ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ಒಂದು ಸಂಜೆ ಅವರು “ಅಪ್ಪ ಇನ್ನಾ ಸಂತಿಯಿಂದ ಬಂದಿಲ್ಲೇನಬೇ?” ಎಂದು ಕೇಳಿದಾಗ ಮನೆಯವರ ಎದೆ ಧಸಕ್ಕೆಂದಿತು. ‘ಬೇ’ ಅನ್ನುವುದು ಹೆತ್ತ ತಾಯಿಗೆ. ಅವರು ಅಷ್ಟು ದಿನ ಕರೆಯುತ್ತಿದ್ದುದು ಸೊಸೆಯನ್ನಲ್ಲ, ನಲವತ್ತು ವರ್ಷದ ಹಿಂದೆ ತೀರಿಹೋದ ತಮ್ಮ ಅವ್ವನನ್ನು ಎಂದು ಆಗ ತಿಳಿಯಿತು. ರೋಗ ಮನೆಯೊಳಗೆ ಬಂದು ಬಹಳ ದಿನವಾಗಿತ್ತು. ನಮ್ಮ ಮಾತಿನ ರೂಢಿಯೇ ಅದನ್ನು ಮುಚ್ಚಿಟ್ಟಿತ್ತು.

ಮುಚ್ಚಿಡುವ ಇನ್ನೊಂದು ಮಾತೂ ನಮ್ಮಲ್ಲಿದೆ: ಅರವತ್ತಕ್ಕೆ ಅರಳುಮರಳು. ಬೇಂದ್ರೆಯವರು ಆ ನುಡಿಯನ್ನೇ ಎತ್ತಿಕೊಂಡು, ಮತ್ತೆ ಅರಳುವುದು ಅನ್ನುವ ಅರ್ಥವೂ ಹೊಳೆಯುವಂತೆ ತಮ್ಮ ಸಂಕಲನಕ್ಕೆ ಹೆಸರಿಟ್ಟರು, ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಕವಿಯ ಕೈಯಲ್ಲಿ ಅರಳಿದ ಆ ಮಾತು ಮನೆಮನೆಯಲ್ಲಿ ಮಾತ್ರ ಕದ ಹಾಕುವ ಮಾತಾಗಿಯೇ ಉಳಿದಿದೆ. ಅಜ್ಜ ಕೇಳಿದ್ದನ್ನೇ ಕೇಳುತ್ತಾನೆ, ಅರಳುಮರಳು. ಅಜ್ಜಿ ಉಂಡು ಕೈತೊಳೆದ ಮೇಲೆ “ನನಗ ಊಟಾನ ಕೊಟ್ಟಿಲ್ಲ” ಎಂದು ಓಣಿಯವರ ಮುಂದೆ ಅಳುತ್ತಾಳೆ, ಅರಳುಮರಳು. ಹೆಸರು ಸಿಕ್ಕಿತಲ್ಲ, ಇನ್ನು ವೈದ್ಯರ ಹತ್ತಿರ ಹೋಗುವ ಮಾತೇ ಇಲ್ಲ. ದೊಡ್ಡಪ್ಪನ ವಿಷಯದಲ್ಲಿ ನಾವು ಹೀಗೆ ಎರಡು ವರ್ಷ ಕಳೆದೆವು.

ವಯಸ್ಸಾದಂತೆ ಎಲ್ಲರಿಗೂ ಸ್ವಲ್ಪ ಮರೆವು ಬರುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ರೋಗವಲ್ಲ. ಕನ್ನಡಕ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ನೋಡುತ್ತ ಕೂತರೆ ಯೋಚಿಸಬೇಕು. ದೊಡ್ಡಪ್ಪನಿಗೆ ಮೊದಲು ಕೈಕೊಟ್ಟದ್ದು ಲೆಕ್ಕ. ಬನಹಟ್ಟಿಯ ಸಾವುಕಾರರ ಹತ್ತಿರ ನೂಲು ತಂದು ಸೀರೆ ಮುಟ್ಟಿಸುವ ವ್ಯವಹಾರದಲ್ಲಿ ಜೀವಮಾನವಿಡೀ ಒಂದು ರೂಪಾಯಿ ತಪ್ಪದವರು, ಕೂಲಿ ಎಣಿಸುವಾಗ ನಡುವೆ ನಿಂತುಬಿಡತೊಡಗಿದರು. ಎಣಿಸಿದ್ದನ್ನೇ ಮತ್ತೆ ಎಣಿಸಿ, ಯಾರೋ ದುಡ್ಡು ತೆಗೆದಿದ್ದಾರೆ ಎಂದು ಮಗನ ಮೇಲೆ ಸಿಟ್ಟಾದರು. ಆಮೇಲೆ ಬನಹಟ್ಟಿಯಿಂದ ಬರುವಾಗ ರಬಕವಿಯಲ್ಲೇ ಇಳಿದು, ಕತ್ತಲಾಗುವವರೆಗೆ ಬಸ್‌ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದರು. ಯಾರೋ ಪರಿಚಯದವರು ಕಂಡು ಕರೆತಂದರು.

ಡಿಮೆನ್ಶಿಯಾ ಅನ್ನುವುದು ಒಂದೇ ರೋಗದ ಹೆಸರಲ್ಲ. ಮಿದುಳಿನ ಕೋಶಗಳು ಸಾಯುತ್ತ ನೆನಪು, ಮಾತು, ಲೆಕ್ಕ, ದಿಕ್ಕು, ವಿವೇಚನೆ ಒಂದೊಂದಾಗಿ ಕಳಚುವ ಸ್ಥಿತಿಗೆ ಆ ಹೆಸರು. ನೂರರಲ್ಲಿ 60–70 ಮಂದಿಯಲ್ಲಿ ಇದರ ಕಾರಣ ಆಲ್ಝೈಮರ್. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ 51 ವರ್ಷದ ಆಗುಸ್ಟೆ ಡೇಟರ್ ಎಂಬ ಮಹಿಳೆಯನ್ನು ಪರೀಕ್ಷಿಸಿದರು. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಗಂಟುಗಳನ್ನೂ ಕಲೆಗಳನ್ನೂ 1906ರಲ್ಲಿ ವಿವರಿಸಿದರು. ಎರಡನೆಯದು, ರಕ್ತನಾಳಗಳು ಕಟ್ಟಿಕೊಂಡು ಬರುವ ಬಗೆ. ಬಿಪಿ, ಸಕ್ಕರೆ ಕಾಯಿಲೆಗಳನ್ನು ಹದ್ದುಬಸ್ತಿನಲ್ಲಿಡದವರಿಗೆ ಇದರ ಅಪಾಯ ಹೆಚ್ಚು. ಎರಡೂ ಕೂಡಿ ಬರುವುದೂ ಉಂಟು. ಪತ್ರಿಕೆಗಳು ಇದನ್ನೆಲ್ಲ ‘ಮರೆವಿನ ಕಾಯಿಲೆ’ ಅನ್ನುತ್ತವೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಮರೆವಷ್ಟೇ ಆಗಿದ್ದರೆ ಮನೆಯವರು ನೆನಪಿಸಿ ಬದುಕು ಸಾಗಿಸಬಹುದಿತ್ತು. ಸಂಶಯ, ಹೆದರಿಕೆ, ರಾತ್ರಿಯಿಡೀ ಎಚ್ಚರ, ಬಚ್ಚಲಿನ ದಾರಿ ತಿಳಿಯದಿರುವುದು, ಕೊನೆಗೆ ತುತ್ತು ನುಂಗಲೂ ಬಾರದಿರುವುದು, ಇದೆಲ್ಲ ಸೇರಿದ್ದು ಈ ಕಾಯಿಲೆ.

ಇದು ಶಹರದವರ ರೋಗ ಎಂಬ ಮಾತನ್ನು ಜಮಖಂಡಿ, ಮುಧೋಳದ ಕಡೆ ಓದಿದವರ ಬಾಯಲ್ಲೂ ಕೇಳಿದ್ದೇನೆ. ದೇಶದಾದ್ಯಂತ ನಡೆದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಹೇಳಿದ್ದು ಬೇರೆಯೇ. 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡುತ್ತಿದ್ದಾರೆ. ಹಳ್ಳಿಯ ಮಿದುಳು ಮುಪ್ಪಾಗುವ ಬಗೆ ತಿಳಿಯದೆ ಈ ದೇಶದ ರೋಗ ತಿಳಿಯದು ಎಂಬುದು ಅವರಿಗೆ ಮನದಟ್ಟಾಗಿದೆ.

ನಮ್ಮ ಊರುಗಳ ಮಟ್ಟಿಗೆ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ರಬಕವಿ, ಬನಹಟ್ಟಿ, ತೇರದಾಳದ ಓಣಿಗಳಲ್ಲಿ ನಡೆದರೆ ಪಾವರ್‌ಲೂಮಿನ ಸದ್ದು ಗೋಡೆ ದಾಟಿ ಬರುತ್ತದೆ. ಅದರ ನಡುವೆ ದಿನಕ್ಕೆ ಹತ್ತು ಹನ್ನೆರಡು ತಾಸು, ಮೂವತ್ತು ನಲವತ್ತು ವರ್ಷ ನಿಂತವರ ಕಿವಿ ಏನಾಗಬೇಕು? ನೇಕಾರರ ಮನೆಯಲ್ಲಿ ಜೋರಾಗಿ ಮಾತಾಡುವುದು ಜಗಳವಲ್ಲ, ರೂಢಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಡಿಮೆನ್ಶಿಯಾಕ್ಕೆ ದಾರಿ ಮಾಡುವ, ನಾವು ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲಿನ ಕಾರಣಗಳಲ್ಲಿ ಕಿವಿಮಂದ ಒಂದು. ಕಿವಿ ಕೇಳದವನು ಮೆಲ್ಲಗೆ ಮಾತು ಬಿಡುತ್ತಾನೆ, ಕಟ್ಟೆಗೆ ಹೋಗುವುದನ್ನು ಬಿಡುತ್ತಾನೆ, ಮಿದುಳಿಗೆ ಹೋಗುವ ಮೇವೇ ನಿಲ್ಲುತ್ತದೆ. ಕಣ್ಣಿನ ಪೊರೆಗೆ ಶಿಬಿರ ಮಾಡುವ ನಮ್ಮ ಮಠಗಳು, ಸಂಘಗಳು, ನೇಕಾರರ ಕಿವಿಗೂ ಒಂದು ಶಿಬಿರ ಮಾಡಲಿ.

ಹಾಗೆಯೇ ಒಂದು ಒಳ್ಳೆಯ ಸುದ್ದಿ. ಈಗ ನಿಮ್ಹಾನ್ಸ್‌ನಲ್ಲಿರುವ ನರವಿಜ್ಞಾನಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತು. ಶಾಲೆಯ ಮುಖ ನೋಡದವರಲ್ಲೂ ಹೀಗೇ. ತೇರದಾಳ 1948ರವರೆಗೆ ಸಾಂಗಲಿ ಸಂಸ್ಥಾನದ ಊರು, ಜಮಖಂಡಿ ಪಟವರ್ಧನರ ರಾಜಧಾನಿ. ಇಲ್ಲಿಯ ಹಳೆಯ ತಲೆಗಳು ಸಂತೆಯಲ್ಲಿ ಕನ್ನಡಕ್ಕೂ ಮರಾಠಿಗೂ ಹೊರಳುತ್ತ ಬದುಕಿದವರು. ಗಡಿಯಲ್ಲಿ ಹುಟ್ಟಿದ್ದರ ಲಾಭ ಹೀಗೂ ಒದಗಬಹುದು ಎಂದು ಯಾರೂ ಅಂದುಕೊಂಡಿರಲಿಲ್ಲ.

ದೊಡ್ಡಪ್ಪನನ್ನು ಮೊದಲು ತೋರಿಸಿದಾಗ ಸಿಕ್ಕ ಉತ್ತರ, “ವಯಸ್ಸಾಗೇತಿ, ಏನ್ ಮಾಡಾಕ ಬರ್ತದ.” ಅದು ತಪ್ಪು ಉತ್ತರ ಎಂದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಮಾಡಬೇಕಾದ್ದು ಬಹಳ ಇದೆ. ಡಿಮೆನ್ಶಿಯಾದಂತೆಯೇ ಕಾಣುವ, ಆದರೆ ಔಷಧಿಗೆ ಬಗ್ಗುವ ಕಾರಣಗಳಿವೆ. ವಿಟಮಿನ್ ಬಿ12 ಕೊರತೆ ಅದರಲ್ಲಿ ಮುಖ್ಯ. ಇದು ಮಾಂಸ, ಮೊಟ್ಟೆ, ಹಾಲಿನಂಥ ಪ್ರಾಣಿಮೂಲದ ಆಹಾರದಿಂದಲೇ ಬರಬೇಕು. ಲಿಂಗಾಯತ, ಜೈನ ಮನೆಗಳೇ ಹೆಚ್ಚಿರುವ ನಮ್ಮ ಊರಿನಲ್ಲಿ ಹಲ್ಲು ಹೋಗಿ, ಹಾಲೂ ಕಡಿಮೆಯಾಗಿ, ಬರೀ ಅಂಬಲಿಯಲ್ಲಿ ದಿನ ದೂಡುವ ಮುದುಕರಿಗೆ ಈ ಪರೀಕ್ಷೆ ಮೊದಲು ಆಗಬೇಕು. ಥೈರಾಯ್ಡ್, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ನಿಧಾನವಾಗಿ ಕೂಡಿದ ರಕ್ತ, ಬೇರೆ ಬೇರೆ ವೈದ್ಯರು ಕೊಟ್ಟ ಗುಳಿಗೆಗಳ ಹೊಡೆತ, ಇವೂ ತಲೆ ಕೆಡಿಸುತ್ತವೆ. ಎರಡು ದಿನದಲ್ಲಿ ಒಮ್ಮೆಲೇ ಗೊಂದಲ ಏರಿತೆಂದರೆ ಅದು ಡಿಮೆನ್ಶಿಯಾದ ನಡಿಗೆಯಲ್ಲ. ಮೂತ್ರದ ಸೋಂಕೋ, ನೀರಿನಂಶ, ಸೋಡಿಯಂ ಇಳಿದದ್ದೋ ಇರುತ್ತದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಓದು ಬಾರದ ಮುದುಕಿಗೆ ಗಡಿಯಾರದ ಚಿತ್ರ ಬರೆ, ನೂರರಿಂದ ಏಳೇಳು ಕಳೆ ಎಂದರೆ ಆಕೆ ಆರೋಗ್ಯವಾಗಿದ್ದರೂ ಸೋಲುತ್ತಾಳೆ. ಇದನ್ನರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ನಮ್ಮವರಿಗೆ ಹೊಂದುವ ಪರೀಕ್ಷೆಗಳನ್ನು ರೂಪಿಸಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರ ಜನವರಿಯಲ್ಲಿ ‘ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ’ವನ್ನು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೊದಲು ಆರಂಭಿಸಿತು, ಬಳಿಕ ಉಳಿದ ಜಿಲ್ಲೆಗಳಿಗೂ ಒಯ್ಯಲು ಹೊರಟಿತು. ನಮ್ಮವರು ಹಳೆಯ ರೂಢಿಯಂತೆ ದೊಡ್ಡ ಕಾಯಿಲೆ ಎಂದರೆ ಮಿರಜ, ಸಾಂಗಲಿಯ ಬಸ್ಸು ಹತ್ತುತ್ತಾರೆ. ಹತ್ತಲಿ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಲಿ.

ಔಷಧದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೊನೆಪೆಜಿಲ್, ಮೆಮಾಂಟೀನ್‌ನಂಥ ಗುಳಿಗೆಗಳು ಕೆಲವರಿಗೆ ಕೆಲವು ಕಾಲ ಆಸರೆಯಾಗುತ್ತವೆ, ರೋಗವನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ‘ನೆನಪಿನ ಶಕ್ತಿ’ಯ ಪುಡಿ ಮಾರುವವರ ಬಾಗಿಲಿಗೆ ಹೋಗಿ ಸಾಲ ಮಾಡಿಕೊಳ್ಳಬೇಡಿ. ಉಳಿದದ್ದೆಲ್ಲ ಮನೆಯವರ ಕೈಯಲ್ಲಿ.

ಆ ಕೈ ಏನು ಮಾಡುತ್ತದೆ ಎಂದು ನಾನು ಕಂಡದ್ದು ವೈನಿಯ ಹತ್ತಿರ. ಅವರಿಗೆ ಯಾರೂ ತರಬೇತಿ ಕೊಟ್ಟವರಿಲ್ಲ. ಮೊದಮೊದಲು ಅವರೂ ವಾದ ಮಾಡುತ್ತಿದ್ದರು. “ಇದ ನಿಮ್ಮ ಮನಿ ಐತಲ್ರಿ ಮಾವಾರ, ನೋಡ್ರಿ, ನಿಮ್ಮ ಫೋಟೋ ಇಲ್ಲೇ ಐತಿ.” ದೊಡ್ಡಪ್ಪ ಫೋಟೋ ನೋಡಿ ಇನ್ನಷ್ಟು ಹೆದರುತ್ತಿದ್ದರು. ಯಾರದೋ ಮನೆಯಲ್ಲಿ ತಮ್ಮ ಫೋಟೋ ಯಾಕಿದೆ? ಒಂದು ದಿನ ವೈನಿ ದಣಿದು ಹೋಗಿ, “ನಡೀರಿ ಹೋಗೂಣು, ಚಾ ಕುಡದು ಹೋಗೂಣು” ಅಂದರು. ಚಹ ಕುಡಿದರು. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಓಣಿಯ ತುದಿಯವರೆಗೆ ನಡೆದು, ಪ್ರಭುದೇವರ ಗುಡಿಯ ಕಡೆ ಕೈಮುಗಿದು ತಿರುಗಿ ಬಂದರು. ಬಾಗಿಲ ಹತ್ತಿರ ಬಂದಾಗ ದೊಡ್ಡಪ್ಪ “ಬಂತ ನೋಡು ಮನಿ” ಎಂದು ತಾವಾಗಿಯೇ ಒಳಗೆ ಹೋದರು.

ಸಂಜೆ ಹೊತ್ತಿನ ಈ ಚಡಪಡಿಕೆ ಡಿಮೆನ್ಶಿಯಾದಲ್ಲಿ ಬಹಳ ಸಾಮಾನ್ಯ. ಬೆಳಕು ಇಳಿದಂತೆ, ದಣಿವು ಏರಿದಂತೆ, ದಿಕ್ಕು ತಪ್ಪುತ್ತದೆ. ‘ಮನೆ’ ಎಂದು ಅವರು ಕೇಳುವುದು ನೆಮ್ಮದಿಯನ್ನು. ಎಲ್ಲ ಪರಿಚಿತವಾಗಿದ್ದ ಒಂದು ಕಾಲವನ್ನು. ಅದಕ್ಕೆ ಗೋಡೆಯ ಪುರಾವೆ ತೋರಿಸಿದರೆ ಪ್ರಯೋಜನವಿಲ್ಲ. ಹಾಗಾದರೆ ಹಿರಿಯರಿಗೆ ಸುಳ್ಳು ಹೇಳಬೇಕೇ ಎಂದು ಕೇಳುವವರಿದ್ದಾರೆ. ತೀರಿಹೋದ ತಂದೆ ಎಲ್ಲಿ ಎಂದು ಕೇಳಿದಾಗ, ಸತ್ತು ಅರವತ್ತು ವರ್ಷವಾಯಿತು ಎಂದು ಪ್ರತಿ ಸಂಜೆ ಹೇಳಿ, ಪ್ರತಿ ಸಂಜೆ ಅವರನ್ನು ಹೊಸದಾಗಿ ಅಳಿಸುವ ಸತ್ಯ ಯಾರಿಗೆ ಬೇಕಾಗಿದೆ? “ನಿಮ್ಮ ಅಪ್ಪಾರು ಸಂತಿಯಿಂದ ನಿಮಗ ಏನ್ ತರತಿದ್ದರು?” ಎಂದು ವೈನಿ ತಿರುಗಿ ಕೇಳುತ್ತಾರೆ. ಸುಳ್ಳೂ ಆಗಲಿಲ್ಲ, ಮಾತೂ ಬೆಳೆಯಿತು. ಬೆಂಡು ಬತ್ತಾಸಿನ ಕಥೆ ಅರ್ಧ ತಾಸು ನಡೆಯುತ್ತದೆ.

ಇನ್ನೊಂದನ್ನು ಅವರು ತಾವೇ ಕಂಡುಕೊಂಡರು. ದೊಡ್ಡಪ್ಪನಿಗೆ ಬೆಳಿಗ್ಗೆ ಏನು ತಿಂದೆ ಎಂಬುದು ನೆನಪಿಲ್ಲ, ಆದರೆ ಕೈಯಲ್ಲಿ ನೂಲಿನ ಲಡಿ ಕೊಟ್ಟರೆ ಬೆರಳು ತಾನಾಗಿ ಎಳೆಯ ತುದಿ ಹುಡುಕುತ್ತದೆ. ಅಟ್ಟದ ಮೇಲಿದ್ದ ಹಳೆಯ ರಾಟಿ ಇಳಿಸಿ ಮುಂದಿಟ್ಟರು. ದೊಡ್ಡಪ್ಪ ಕಂಡಿಕಿ ಸುತ್ತತೊಡಗಿದರು. ಎಳೆ ಕಡಿದರೆ ನಿಂತು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಗಂಟು ಹಾಕಿ ಮುಂದುವರಿಸುತ್ತಾರೆ. ಮಗನ ಹೆಸರು ಮರೆತವರು ಆ ಗಂಟು ಮರೆತಿಲ್ಲ. ಇದರಲ್ಲಿ ಪವಾಡವಿಲ್ಲ. ಆಲ್ಝೈಮರ್ ಮೊದಲು ಹಾಳುಗೆಡವುವುದು ಹೊಸ ಸಂಗತಿಗಳನ್ನು ದಾಖಲಿಸುವ ಹಿಪೊಕ್ಯಾಂಪಸ್ ಎಂಬ ಭಾಗವನ್ನು. ಕೈಗೆ ಕೂತ ಕಸುಬಿನ ನೆನಪು ಇರುವುದು ಮಿದುಳಿನ ಬೇರೆ ಭಾಗಗಳಲ್ಲಿ, ರೋಗ ಅಲ್ಲಿಗೆ ತಡವಾಗಿ ಮುಟ್ಟುತ್ತದೆ. ರೊಟ್ಟಿ ಬಡಿದ ಅಜ್ಜಿಗೆ ಹಿಟ್ಟು, ಹೊಲ ಮಾಡಿದವರಿಗೆ ಅರಿಶಿನದ ಕೊಂಬು ಆರಿಸುವ ಕೆಲಸ, ಭಜನೆ ಹಾಡಿದವರಿಗೆ ತಾಳ. ದೊಡ್ಡಪ್ಪ ಸುತ್ತಿದ ಕಂಡಿಕಿ ಪಾವರ್‌ಲೂಮಿಗೆ ಬೇಕಾಗಿಲ್ಲ. ವೈನಿ ರಾತ್ರಿ ಅದನ್ನು ಬಿಚ್ಚಿ, ಮರುದಿನ ಅದೇ ನೂಲನ್ನು ಮತ್ತೆ ಕೈಗೆ ಕೊಡುತ್ತಾರೆ. ಸಂಜೆ “ಇವತ್ತ ಎಷ್ಟ ಆತು?” ಎಂದು ದೊಡ್ಡಪ್ಪ ಕೇಳಿದರೆ, “ಭಾಳ ಆಗ್ಯಾವ್ರಿ ಮಾವಾರ” ಅನ್ನುತ್ತಾರೆ.

ಮನೆ ಬಿಟ್ಟು ಹೋಗುವುದು ದೊಡ್ಡ ಹೆದರಿಕೆ. ಹೇಮಂತ್ ಎಂ. ರಾವ್ ನಿರ್ದೇಶಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತನಾಗ್ ಕಳೆದುಹೋದ ತಂದೆಯಾಗಿದ್ದುದನ್ನು ನೋಡಿದವರಿಗೆ ಆ ಹೆದರಿಕೆಯ ಅಂದಾಜಿರುತ್ತದೆ. ಕಾಣೆಯಾದವರ ಪ್ರಕಟಣೆಯ ಮಾತೇ ಆ ಚಿತ್ರದ ಹೆಸರು. ಒಮ್ಮೆ ದೊಡ್ಡಪ್ಪ ನಸುಕಿನಲ್ಲಿ ಎದ್ದು ತಮದಡ್ಡಿಯ ಹಾದಿ ಹಿಡಿದಿದ್ದರು, ಆ ಕಡೆ ಹೊಳೆ. ಅಂದಿನಿಂದ ವೈನಿ ಅವರ ಪ್ರತಿ ಅಂಗಿಯ ಒಳಕಿಸೆಗೆ ಮನೆಯ ಫೋನ್ ನಂಬರು ಹೊಲಿದಿದ್ದಾರೆ. ನೇಕಾರರ ಮನೆಯ ಹೆಣ್ಣುಮಗಳು, ನಂಬರನ್ನು ಕೆಂಪು ದಾರದಲ್ಲಿ ಅಚ್ಚುಕಟ್ಟಾಗಿ ತೆಗೆದಿದ್ದಾರೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವನ್ನೂ ಮಾಡಿದರು: ಊರಿಗೆ ಹೇಳಿದರು. ಚಹದಂಗಡಿ, ಕಿರಾಣಿ ಅಂಗಡಿ, ಬಸ್‌ ನಿಲ್ದಾಣ, ಗುಡಿಯ ಪೂಜಾರಿ, ಎಲ್ಲರಿಗೂ, “ನಮ್ಮ ಮಾವಾರಿಗೆ ಹಿಂಗಾಗೇತಿ, ಒಬ್ಬರ ಕಂಡ್ರ ಕೂಡ್ರಿಸಿಕೊಂಡು ಫೋನ್ ಮಾಡ್ರಿ.”

ಇದು ಸುಲಭವಾಗಿರಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮೊಮ್ಮಗಳಿದ್ದಳು. ಅಜ್ಜನಿಗೆ ‘ತೆಲಿ ಕೆಟ್ಟೈತಿ’ ಎಂದು ಊರಾದರೆ ಬೀಗರು ಏನಂದುಕೊಂಡಾರು ಎಂದು ಅಣ್ಣ ತಡೆದಿದ್ದ. ನೇರವಾಗಿ ವಂಶದ ಜೀನಿನಿಂದಲೇ ಇಳಿದು ಬರುವ ಆಲ್ಝೈಮರ್ ನೂರಕ್ಕೆ ಒಂದರಷ್ಟೂ ಇಲ್ಲ, ಅದೂ ಸಾಮಾನ್ಯವಾಗಿ ಅರವತ್ತಕ್ಕೂ ಮೊದಲೇ ಬರುವಂಥದ್ದು. ಇದನ್ನು ಬೀಗರಿಗೂ ಹೇಳಬಹುದು, ಹೇಳಬೇಕು.

ಈಗ ವೈನಿಯ ಮಾತು. ನಾನು ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ.

ನಮ್ಮ ಸೀಮೆಯಲ್ಲಿ ಎಲ್ಲಕ್ಕೂ ಪಾಳಿ ಇದೆ. ಪಾವರ್‌ಲೂಮಿಗೆ ಹಗಲು ಪಾಳಿ, ರಾತ್ರಿ ಪಾಳಿ. ಕಬ್ಬಿಗೆ ನೀರಿನ ಪಾಳಿ, ಕರೆಂಟಿನ ಪಾಳಿ. ಪಾಳಿ ಮುಗಿದವನು ಮನೆಗೆ ಹೋಗಿ ಮಲಗುತ್ತಾನೆ. ವೈನಿಯ ಕೆಲಸಕ್ಕೆ ಮಾತ್ರ ಪಾಳಿ ಇಲ್ಲ. ರಾತ್ರಿ ಮೂರು ಸಲ ಏಳುತ್ತಾರೆ. ಹಾಸಿಗೆ ಒದ್ದೆಯಾಗಿದ್ದರೆ ಬದಲಿಸುತ್ತಾರೆ. ಸ್ನಾನಕ್ಕೆ ಕರೆದಾಗ ದೊಡ್ಡಪ್ಪ ಕೈ ಎತ್ತಿದ್ದೂ ಉಂಟು. ಅಪರಿಚಿತ ಹೆಂಗಸು ಬಟ್ಟೆ ಬಿಚ್ಚಿಸುತ್ತಿದ್ದಾಳೆ ಎಂದು ತಿಳಿದ ಮರ್ಯಾದಸ್ಥ ಮನುಷ್ಯ ಇನ್ನೇನು ಮಾಡಬೇಕು? ಅಣ್ಣ ಸ್ನಾನ ಮಾಡಿಸಲು ನಿಂತ ದಿನದಿಂದ ಆ ಜಗಳ ನಿಂತಿತು. ಅಷ್ಟು ಸಣ್ಣ ಬದಲಾವಣೆಗೆ ನಾವು ಒಂದೂವರೆ ವರ್ಷ ತೆಗೆದುಕೊಂಡೆವು ಅನ್ನುವುದು ನನ್ನನ್ನು ಈಗಲೂ ಚುಚ್ಚುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವ ಮನೆಯವರು ದಿನಕ್ಕೆ ಸರಾಸರಿ ಐದು ತಾಸು ಸಂಬಳವಿಲ್ಲದ ಕೆಲಸ ಮಾಡುತ್ತಾರೆ, ಆ ತಾಸುಗಳಲ್ಲಿ ಶೇ 70ರಷ್ಟು ಹೆಂಗಸರವು. ತೇರದಾಳದ ಲೆಕ್ಕ ಐದು ತಾಸಿಗೆ ನಿಲ್ಲುವುದಿಲ್ಲ. ನಾವು ಇದನ್ನು ‘ಸೇವೆ’ ಎನ್ನುತ್ತೇವೆ, ‘ಪುಣ್ಯವಂತ ಸೊಸಿ’ ಎಂದು ಹೊಗಳುತ್ತೇವೆ. ಹೊಗಳಿಕೆ ನಿದ್ದೆ ಕೊಡುವುದಿಲ್ಲ. ವೈನಿಗೆ ಬಿಪಿ ಬಂದಿತ್ತು, ಮೊಣಕಾಲು ಹಿಡಿದಿತ್ತು, ಸಣ್ಣದಕ್ಕೂ ಅಳು ಬರುತ್ತಿತ್ತು. ಒಮ್ಮೆ ಅವರು ನನ್ನ ಹತ್ತಿರ, “ಸಿಟ್ಟ ಬಂದು ಮಾವಾರ ಮ್ಯಾಲ ಚೀರಿದ್ನಿ. ಆಮ್ಯಾಲ ಬಚ್ಚಲಕ್ಕ ಹೋಗಿ ಅತ್ತೆ. ನನಗ ಪಾಪ ಬರ್ತೈತೇನು?” ಎಂದರು. ಅಂಥ ಸಿಟ್ಟು ನೋಡಿಕೊಳ್ಳುವವರೆಲ್ಲರಿಗೂ ಬರುತ್ತದೆ. ಪಾಪ ಇರುವುದಾದರೆ ಅದು ಒಬ್ಬರ ಹೆಗಲ ಮೇಲೆ ಎಲ್ಲ ಹೊರಿಸಿ ದೂರ ನಿಂತ ನಮ್ಮದು.

ದೂರ ಇರುವವರದು ಒಂದು ರೀತಿ ಇದೆ. ಪುಣೆಯಿಂದ, ಬೆಂಗಳೂರಿನಿಂದ ಹಬ್ಬಕ್ಕೆ ಬರುತ್ತೇವೆ. ಎರಡು ದಿನ ಇದ್ದು, “ದೊಡ್ಡಪ್ಪ ಆರಾಮ ಅದಾರಲ್ಲ, ನನ್ನ ಗುರ್ತ ಹಿಡದ್ರು” ಅನ್ನುತ್ತೇವೆ. ಹೊಸಬರ ಮುಂದೆ ಸ್ವಲ್ಪ ಹೊತ್ತು ಸರಿಯಾಗಿ ಮಾತಾಡುವುದು ಈ ರೋಗದಲ್ಲಿ ಉಂಟು. ಅದನ್ನು ನೋಡಿ ಸೊಸೆ ದೊಡ್ಡದು ಮಾಡಿ ಹೇಳುತ್ತಾಳೆ ಎಂದುಕೊಳ್ಳುತ್ತೇವೆ, ಊಟದ ಬಗ್ಗೆ, ಬಟ್ಟೆಯ ಬಗ್ಗೆ ಬುದ್ಧಿ ಹೇಳಿ ಬಸ್ಸು ಹತ್ತುತ್ತೇವೆ. ನಾನೂ ಹತ್ತಿದ್ದೇನೆ.

ಹೆಸರು, ಹಣ ಇದ್ದ ಮನೆಗಳೂ ಇದರಲ್ಲಿ ಒಡೆದಿವೆ. ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರಿಗೆ ಆಲ್ಝೈಮರ್ ಬಂದಾಗ, ಅವರು ಯಾರ ಆರೈಕೆಯಲ್ಲಿರಬೇಕು ಎಂಬ ವಿವಾದ ಪತ್ನಿ ಮತ್ತು ಸಹೋದರರ ನಡುವೆ 2010ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಅವರು 2019ರ ಜನವರಿ 29ರಂದು ತೀರಿಕೊಂಡರು. ನಮ್ಮಂಥ ಮನೆಗಳಲ್ಲಿ ಜಗಳ ಬರುವುದು ಹೊಲದ ಉತಾರದ ಮೇಲೆ, ಹೆಬ್ಬಟ್ಟಿನ ಮೇಲೆ. ತಿಳಿವಳಿಕೆ ಇಲ್ಲದವರಿಂದ ಒತ್ತಿಸಿಕೊಂಡ ಹೆಬ್ಬಟ್ಟು ಕಾನೂನಿನಲ್ಲಿ ನಿಲ್ಲುವುದಿಲ್ಲ. ರೋಗ ಗೊತ್ತಾದ ಮೊದಲ ದಿನಗಳಲ್ಲೇ, ಅವರಿಗೆ ಇನ್ನೂ ವಿಚಾರ ತಿಳಿಯುತ್ತಿರುವಾಗ, ಎಲ್ಲ ಮಕ್ಕಳೂ ಹೆಣ್ಣುಮಕ್ಕಳೂ ಕೂತು ಅವರ ಇಚ್ಛೆ ಕೇಳಿ ಬರೆಸುವುದು ಮೇಲು.

ಬೆಂಗಳೂರಿನ ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಡಿಮೆನ್ಶಿಯಾ ಆರೈಕೆ ಕೇಂದ್ರ ತೆರೆಯಿತು. ತೇರದಾಳಕ್ಕೆ ಅದು ಒಂದು ರಾತ್ರಿಯ ಬಸ್ಸಿನ ದೂರ. ನಮಗೆ ಬೇಕಾದ್ದು ಅಷ್ಟು ದೊಡ್ಡದೂ ಅಲ್ಲ. ಜಮಖಂಡಿಯಲ್ಲೋ ಬನಹಟ್ಟಿಯಲ್ಲೋ, ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವಂಥ ಒಂದು ಮನೆ ಸಾಕು. ಎರಡು ರಾಟಿ, ಒಂದು ಭಜನೆಯ ಮೇಳ, ತಿಳಿದ ಒಬ್ಬ ದಾದಿ. ಬಿಪಿ, ಸಕ್ಕರೆ ಕೇಳಲು ಮನೆಗೆ ಬರುವ ಆಶಾ ಕಾರ್ಯಕರ್ತೆ ‘ಅಜ್ಜ ದಾರಿ ತಪ್ಪುತ್ತಾರಾ, ಅವರನ್ನು ನೋಡಿಕೊಳ್ಳುವವರು ರಾತ್ರಿ ಮಲಗುತ್ತಾರಾ’ ಎಂದು ಎರಡು ಪ್ರಶ್ನೆ ಕೂಡಿಸಿ ಕೇಳಬಹುದು. ರಾಜ್ಯ ಸರ್ಕಾರ 2024–25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ ₹1,000 ಪ್ರಕಟಿಸಿತು. ಆರೈಕೆಯೂ ದುಡಿಮೆ ಎಂದು ಸರ್ಕಾರ ಒಪ್ಪಿದ್ದು ದೊಡ್ಡ ಮಾತು. ಆ ಪಟ್ಟಿಯಲ್ಲಿ ಡಿಮೆನ್ಶಿಯಾ ಇರಲಿಲ್ಲ. ಸೇರಿಸಬೇಕು.

ಸರ್ಕಾರ ಸೇರಿಸುವವರೆಗೆ ಮನೆಯವರು ಕಾಯಬೇಕಾಗಿಲ್ಲ. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಜೀಕುತ್ತಾರೆ. ವೈನಿಯ ತವರು ಮುಧೋಳದ ಹತ್ತಿರದ ಹಳ್ಳಿ, ಎರಡು ತಾಸಿನ ಹಾದಿ. ನಾಲ್ಕು ವರ್ಷ ಅವರು ಪಂಚಮಿಗೆ ಹೋಗಿರಲಿಲ್ಲ. ಪ್ರತಿ ವರ್ಷ ತಮ್ಮ ಬಂದು, ಉಂಡಿಯ ಡಬ್ಬಿ ಇಟ್ಟು, ಬರಿಗೈಯಲ್ಲಿ ತಿರುಗಿ ಹೋಗುತ್ತಿದ್ದ. ಕಳೆದ ಪಂಚಮಿಗೆ ನಾನು ಮತ್ತು ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳು ಐದು ದಿನ ಮೊದಲೇ ಬಂದೆವು. ವೈನಿ ನಮ್ಮನ್ನು ಕೂಡ್ರಿಸಿಕೊಂಡು ಎಲ್ಲ ಹೇಳಿಕೊಟ್ಟರು: ಗುಳಿಗೆ ಯಾವಾಗ, ರೊಟ್ಟಿ ಹಾಲಿನಲ್ಲಿ ಎಷ್ಟು ಹೊತ್ತು ನೆನೆಯಬೇಕು, ಗ್ಯಾಸಿನ ಗುಂಡಿ ಎಲ್ಲಿ ಬಂದ್ ಮಾಡಬೇಕು, ಬಚ್ಚಲ ಬಾಗಿಲಿಗೆ ಒಳಚಿಲಕ ಯಾಕೆ ತೆಗೆಸಿದ್ದು. ನಾಲ್ಕು ದಿನ ಅವರು ತವರಿನಲ್ಲಿದ್ದರು. ಮೊದಲ ದಿನ ಹದಿನಾಲ್ಕು ತಾಸು ಮಲಗಿದರಂತೆ. ನಾವು ಮೂವರೂ ಸೇರಿ ಆ ನಾಲ್ಕು ರಾತ್ರಿಗಳಲ್ಲಿ ನೆಟ್ಟಗೆ ನಿದ್ದೆ ಮಾಡಲಿಲ್ಲ. ಆಗಲೇ ನಮಗೆ ಅವರ ನಾಲ್ಕು ವರ್ಷದ ಅಳತೆ ಸಿಕ್ಕಿದ್ದು. ಈಗ ತಿಂಗಳಿಗೊಮ್ಮೆ ಯಾರಾದರೊಬ್ಬರು ಹೋಗಿ ಎರಡು ದಿನ ಇದ್ದು ಬರುತ್ತೇವೆ, ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆದಿಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ಅಂಥ ಹಿರಿಯರಿದ್ದರೆ, ಅವರನ್ನು ನೋಡಿಕೊಳ್ಳುವ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಇವತ್ತೇ ಫೋನ್ ಮಾಡಿ. ಹಿರಿಯರು ಹೇಗಿದ್ದಾರೆ ಎಂದು ಆಮೇಲೆ ಕೇಳಿ, ಮೊದಲು ನೀವು ರಾತ್ರಿ ಮಲಗಿದಿರಾ ಎಂದು ಕೇಳಿ. ಯಾವ ತಾರೀಖಿಗೆ ಬಂದು ಪಾಳಿ ಹಿಡಿಯುತ್ತೀರಿ ಎಂದು ಹೇಳಿ. ನೋಡಿಕೊಳ್ಳುವವರೇ ಈ ಲೇಖನ ಓದುತ್ತಿದ್ದರೆ, ಮನಸ್ಸು ತಡೆಯದಾದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಹಿರಿಯರ ಸಹಾಯವಾಣಿ 14567.